ಗೋಡೆಯೊಳಗಿನ ಕೊಳವೆಗೆ ಕಾವಲು ಯಾರು?

ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರು ಮತ್ತು ಒಳಚರಂಡಿ ಸಂಪರ್ಕ ಕೊಡಕೂಡದು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ನೀಡಿದ ತೀರ್ಪು ಬೆಂಗಳೂರಿನ ಸಾವಿರಾರು ಮನೆಮಾಲೀಕರನ್ನು ಕಂಗೆಡಿಸಿತು. ಮೀರತ್ ನಗರದ ವಸತಿ ನಿವೇಶನವೊಂದರಲ್ಲಿ ಅಕ್ರಮವಾಗಿ ಎದ್ದುನಿಂತ ವಾಣಿಜ್ಯ ಮಳಿಗೆಗಳ ಪ್ರಕರಣ ಅದು. ಆದರೆ ನ್ಯಾಯಾಲಯದ ನಿರ್ದೇಶನ ಇಡೀ ದೇಶಕ್ಕೆ ಅನ್ವಯಿಸುವಂಥದ್ದು. ಮಂಜೂರಾದ ನಕ್ಷೆಯನ್ನು ಮೀರಿ ಕಟ್ಟುವುದೇ ವಾಡಿಕೆಯಾಗಿರುವ ನಮ್ಮ ರಾಜಧಾನಿಯಲ್ಲಿ ಅದು ಕೋಲಾಹಲ ಎಬ್ಬಿಸಿದ್ದು ಸಹಜ. ಕೊನೆಗೆ ರಾಜ್ಯ ಸರ್ಕಾರ 2025ರ ಅಕ್ಟೋಬರ್‌ನಲ್ಲಿ 1,200 ಚದರಡಿವರೆಗಿನ ನಿವೇಶನಗಳಲ್ಲಿ ಮಿತ ಅಂತಸ್ತಿನ ವಾಸದ ಮನೆ ಕಟ್ಟಿಕೊಂಡವರಿಗೆ ಈ ಪತ್ರದಿಂದ ವಿನಾಯಿತಿ ಕೊಟ್ಟು ಬಿಸಿಯನ್ನು ತಣಿಸಿತು.

ಈ ಅವಧಿಯ ಚರ್ಚೆಯನ್ನು ಗಮನಿಸುತ್ತಾ ಬಂದ ನನಗೆ ಒಂದು ಸಂಗತಿ ವಿಚಿತ್ರವಾಗಿ ಕಂಡಿದೆ. ಪತ್ರ ಬೇಕೆ, ಬೇಡವೆ ಎಂಬ ಬಗ್ಗೆ ಎಲ್ಲರೂ ಮಾತನಾಡಿದರು. ನೀರಿನ ಸಂಪರ್ಕ ಮಂಜೂರು ಮಾಡುವಾಗ ಅಧಿಕಾರಿಗಳು ಪರೀಕ್ಷಿಸುವುದಾದರೂ ಏನನ್ನು ಎಂದು ಯಾರೂ ಕೇಳಲಿಲ್ಲ. ಮನೆಯೊಳಗೆ ಶುದ್ಧ ನೀರನ್ನು ತರುವ, ಮಲಿನ ನೀರನ್ನು ಹೊರಗೊಯ್ಯುವ ಕೊಳವೆಗಳು ಸರಿಯಾಗಿವೆಯೇ ಎಂದು ನೋಡುವ ಹೊಣೆ ಈ ನಗರದಲ್ಲಿ ಯಾರದು? ಈ ಪ್ರಶ್ನೆಗೆ ಕಾಗದದ ಮೇಲೆ ಉತ್ತರವಿದೆ, ನೆಲದ ಮೇಲೆ ಇಲ್ಲ. ನಮ್ಮ ಅನುಮತಿ ವ್ಯವಸ್ಥೆಯ ಮೂಲದೋಷ ಇದು.

ಮೊದಲು ಕಾಗದದ ಮೇಲಿನ ಉತ್ತರವನ್ನು ನೋಡೋಣ. ಬೆಂಗಳೂರಿನಲ್ಲಿ ಕೊಳಾಯಿ ಮತ್ತು ಒಳಚರಂಡಿಯ ಮೂಲ ಕಾನೂನು 1964ರ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಕಾಯ್ದೆ. ಜಲಮಂಡಳಿ ಹುಟ್ಟಿದ್ದೂ ಆ ಕಾಯ್ದೆಯಿಂದಲೇ. ಹೊಸದಾಗಿ ಮನೆ ಕಟ್ಟುವವರು ಮೊದಲು ಪಾಲಿಕೆಯಿಂದ ನಕ್ಷೆ ಮಂಜೂರು ಮಾಡಿಸಿಕೊಳ್ಳಬೇಕು. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿಯ ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದಿರುವುದರಿಂದ, ತಮ್ಮ ನಿವೇಶನ ಯಾವ ಪಾಲಿಕೆಗೆ ಸೇರಿದೆ ಎಂದು ತಿಳಿದುಕೊಳ್ಳುವುದೂ ಈಗ ಮೊದಲ ಹೆಜ್ಜೆಯ ಭಾಗವಾಗಿದೆ. ಆಮೇಲೆ ಖಾತಾ, ತೆರಿಗೆ ರಸೀದಿ, ಮಂಜೂರಾದ ನಕ್ಷೆಗಳೊಂದಿಗೆ ಪರವಾನಗಿ ಹೊಂದಿದ ಪ್ಲಂಬರ್ ಮೂಲಕ ಜಲಮಂಡಳಿಗೆ ಅರ್ಜಿ ಸಲ್ಲಿಸಬೇಕು. ಎಂಜಿನಿಯರ್ ಬಂದು ಸ್ಥಳ ನೋಡುತ್ತಾರೆ, ಶುಲ್ಕದ ಬೇಡಿಕೆ ಪತ್ರ ಬರುತ್ತದೆ. ರಸ್ತೆಯನ್ನು ಅಗೆಯಬೇಕಾದರೆ ಅದಕ್ಕೆ ಪಾಲಿಕೆಯ ಪ್ರತ್ಯೇಕ ಅನುಮತಿ ಬೇಕು, ಅದಕ್ಕೆ ಬೇರೆಯದೇ ಶುಲ್ಕವಿದೆ. ಮೀಟರ್ ಕೂರಿಸಿದ ನಂತರವೇ ನೀರು.

ಇದರ ಜೊತೆಗೆ ಇನ್ನೂ ಕೆಲವು ಷರತ್ತುಗಳು ಸೇರಿಕೊಂಡಿವೆ. 2009ರ ತಿದ್ದುಪಡಿಯ ಪ್ರಕಾರ 1,200 ಚದರಡಿ ಮತ್ತು ಅದಕ್ಕೂ ದೊಡ್ಡ ನಿವೇಶನದ ಹೊಸ ಮನೆಗಳಲ್ಲಿ, 2,400 ಚದರಡಿ ಮತ್ತು ಮೇಲ್ಪಟ್ಟ ನಿವೇಶನದ ಹಳೆಯ ಕಟ್ಟಡಗಳಲ್ಲಿ ಮಳೆನೀರು ಸಂಗ್ರಹ ಕಡ್ಡಾಯ. ಅಳವಡಿಸದಿದ್ದರೆ ನೀರಿನ ಬಿಲ್ಲಿನೊಂದಿಗೆ ದಂಡ ಬರುತ್ತದೆ. 2024ರ ಮಾರ್ಚ್‌ನ ಜಲಕ್ಷಾಮದ ಸಂದರ್ಭದಲ್ಲಿ ಕೊಳವೆಬಾವಿ ಕೊರೆಸಲು ಪೂರ್ವಾನುಮತಿಯನ್ನು ಕಡ್ಡಾಯಗೊಳಿಸಲಾಯಿತು. ಹೋಟೆಲು, ವಾಣಿಜ್ಯ ಸಂಕೀರ್ಣ, ಅಪಾರ್ಟ್‌ಮೆಂಟುಗಳ ನಲ್ಲಿಗಳಿಗೆ ನೀರಿನ ಹರಿವು ತಗ್ಗಿಸುವ ಏರಿಯೇಟರ್ ಹಾಕಿಸುವಂತೆ ಆಜ್ಞೆ ಹೊರಟಿದ್ದೂ ಆಗಲೇ.

ವಾಣಿಜ್ಯ ಕಟ್ಟಡಗಳ ಪಟ್ಟಿ ಇನ್ನೂ ಉದ್ದ. ದೊಡ್ಡ ಸಂಕೀರ್ಣಗಳು ನಕ್ಷೆಯ ಹಂತದಲ್ಲೇ ಜಲಮಂಡಳಿಯ ನಿರಾಕ್ಷೇಪಣಾ ಪತ್ರ ತರಬೇಕು. ತ್ಯಾಜ್ಯನೀರು ಸಂಸ್ಕರಣಾ ಘಟಕಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪಡೆಯಬೇಕು. ಸಂಸ್ಕರಿಸಿದ ನೀರನ್ನು ಶೌಚಾಲಯಕ್ಕೆ ಹಾಯಿಸಲು ಪ್ರತ್ಯೇಕ ಕೊಳವೆ ಜಾಲ ಹಾಕಬೇಕು. ವಾಸಕ್ಕೆಂದು ಪಡೆದ ಸಂಪರ್ಕವನ್ನು ದರ್ಶಿನಿ ಹೋಟೆಲಿಗೋ ಪೇಯಿಂಗ್ ಗೆಸ್ಟ್ ವಸತಿಗೋ ಬಳಸುವುದಾದರೆ ಅದನ್ನು ಗೃಹೇತರ ಸಂಪರ್ಕವನ್ನಾಗಿ ಬದಲಾಯಿಸಿಕೊಳ್ಳಬೇಕು.

ಇಷ್ಟೆಲ್ಲ ನಿಯಮಗಳಿದ್ದ ಮೇಲೆ ಕೊರತೆ ಎಲ್ಲಿದೆ? ಪರಿಶೀಲನೆ ನಡೆಯುವ ಜಾಗದಲ್ಲಿದೆ. ಸ್ಥಳಕ್ಕೆ ಬರುವ ಎಂಜಿನಿಯರ್ ಅಂತಸ್ತುಗಳನ್ನು ಎಣಿಸುತ್ತಾರೆ, ಮನೆಗಳ ಸಂಖ್ಯೆ ಬರೆದುಕೊಳ್ಳುತ್ತಾರೆ, ಮೀಟರ್ ಕೂರಿಸುವ ಜಾಗವನ್ನೂ ಮಳೆನೀರಿನ ಗುಂಡಿಯನ್ನೂ ನೋಡುತ್ತಾರೆ. ಇವೆಲ್ಲ ಶುಲ್ಕ ನಿಗದಿಗೆ ಬೇಕಾದ ವಿವರಗಳು, ತಪ್ಪೇನಿಲ್ಲ. ಆದರೆ ಮೀಟರಿನಿಂದಾಚೆ, ಸಂಪಿನಿಂದ ತೊಟ್ಟಿಗೆ, ತೊಟ್ಟಿಯಿಂದ ನಲ್ಲಿಗೆ, ನಲ್ಲಿಯಿಂದ ಚರಂಡಿಗೆ ಹೋಗುವ ದಾರಿಯನ್ನು ಯಾರೂ ನೋಡುವುದಿಲ್ಲ. ಅವರು ಬರುವ ಹೊತ್ತಿಗೆ ಗೋಡೆಗೆ ಗಾರೆ ಮೆತ್ತಿ, ಟೈಲ್ಸ್ ಕೂರಿಸಿ, ಎಷ್ಟೋ ವೇಳೆ ಬಣ್ಣವನ್ನೂ ಬಳಿದಾಗಿರುತ್ತದೆ. ಒಳಗಿನ ಕೊಳವೆಗೆ ಎಷ್ಟು ಒತ್ತಡ ತಡೆಯುವ ಶಕ್ತಿಯಿದೆ, ಕುಡಿಯುವ ನೀರಿನ ಸಾಲಿಗೂ ಬಳಕೆ ನೀರಿನ ಸಾಲಿಗೂ ಎಲ್ಲಾದರೂ ಗಂಟು ಬಿದ್ದಿದೆಯೇ, ಶೌಚಾಲಯದ ಕೊಳವೆಗೆ ಗಾಳಿಯಾಡುವ ವೆಂಟ್ ಪೈಪ್ ಇದೆಯೇ ಎಂಬುದು ಆ ಕೆಲಸ ಮಾಡಿದ ಹುಡುಗನಿಗೆ ಬಿಟ್ಟು ಇನ್ನಾರಿಗೂ ತಿಳಿಯದು.

2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಇದನ್ನು ಮರೆತಿಲ್ಲ. ಅದರ ಒಂಬತ್ತನೆಯ ಭಾಗ ಮುಖ್ಯವಾಗಿ ಪ್ಲಂಬಿಂಗ್‌ಗೆ ಸಂಬಂಧಿಸಿದ್ದು. ಈ ಕೆಲಸವನ್ನು ಪರವಾನಗಿ ಅಥವಾ ನೋಂದಣಿ ಇರುವ ಪ್ಲಂಬರ್ ಮಾತ್ರ ಮಾಡಬೇಕೆಂದೂ, ಬಳಕೆಗೆ ಬಿಡುವ ಮೊದಲು ಕೊಳವೆಗಳನ್ನು ಪರೀಕ್ಷಿಸಬೇಕೆಂದೂ ಅದು ಹೇಳುತ್ತದೆ. ಆದರೆ ಸಂಹಿತೆ ಒಂದು ಮಾರ್ಗದರ್ಶಿ ಮಾತ್ರ. ಸ್ಥಳೀಯ ಸಂಸ್ಥೆಗಳು ತಮ್ಮ ಉಪವಿಧಿಗಳಲ್ಲಿ ಸೇರಿಸಿಕೊಂಡಷ್ಟಕ್ಕೆ ಮಾತ್ರ ಅದಕ್ಕೆ ಬಲ. ಸೇರಿಸಿಕೊಂಡ ಮೇಲೂ ಜಾರಿ ಮಾಡುವ ಕೈ ಬೇಕಲ್ಲ!

ಮನೆಯೊಳಗಿನ ಕೊಳವೆ ಮಾಲೀಕನ ಸ್ವಂತ ವಿಷಯ, ಸೋರಿದರೆ ಅವನ ಗೋಡೆಯೇ ತಾನೆ ಹಾಳಾಗುವುದು ಎಂಬ ವಾದವನ್ನು ಅಧಿಕಾರಿಗಳ ಬಾಯಲ್ಲೂ ಕೇಳಿದ್ದೇನೆ. ಇತಿಹಾಸ ಬೇರೆಯದನ್ನೇ ಹೇಳುತ್ತದೆ. 1933ರಲ್ಲಿ ಷಿಕಾಗೊ ನಗರದ ವಿಶ್ವಮೇಳಕ್ಕೆ ಬಂದ ಅತಿಥಿಗಳಲ್ಲಿ ಆಮಶಂಕೆ ಹರಡಿತು. ಸುಮಾರು 1,400 ಮಂದಿ ಕಾಯಿಲೆ ಬಿದ್ದರು, 98 ಮಂದಿ ಸತ್ತರು. ಎರಡು ಹೋಟೆಲುಗಳ ಕೊಳಾಯಿ ವ್ಯವಸ್ಥೆಯಲ್ಲಿ ಶೌಚದ ನೀರು ಕುಡಿಯುವ ನೀರಿಗೆ ಬೆರೆಯುತ್ತಿದ್ದುದು ತನಿಖೆಯಲ್ಲಿ ಹೊರಬಂತು. 2003ರಲ್ಲಿ ಹಾಂಗ್‌ಕಾಂಗ್‌ನ ಅಮೊಯ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯದಲ್ಲಿ ಮುನ್ನೂರಕ್ಕೂ ಹೆಚ್ಚು ನಿವಾಸಿಗಳಿಗೆ ಸಾರ್ಸ್ ಸೋಂಕು ತಗುಲಿತು. ಸ್ನಾನಗೃಹದ ನೆಲದ ಟ್ರ್ಯಾಪ್‌ಗಳಲ್ಲಿ ನೀರು ಆರಿಹೋಗಿ, ಶೌಚದ ಕೊಳವೆಯ ಗಾಳಿ ಒಂದು ಮನೆಯಿಂದ ಇನ್ನೊಂದು ಮನೆಗೆ ನುಗ್ಗಿದ್ದು ಕಾರಣವೆಂದು ಅಲ್ಲಿನ ತನಿಖೆ ಗುರುತಿಸಿತು. ಅಂಗೈ ಅಗಲದ ಒಂದು ಬಾಗುಕೊಳವೆಯಲ್ಲಿ ನಿಲ್ಲಬೇಕಾದ ಒಂದಿಷ್ಟು ನೀರು ಇಲ್ಲದೆ ಹೋದದ್ದಕ್ಕೆ ತೆತ್ತ ಬೆಲೆ ಅದು.

ದೂರದ ಉದಾಹರಣೆಗಳೇ ಬೇಕಿಲ್ಲ. 2025ರ ಡಿಸೆಂಬರ್ ಕೊನೆಯಲ್ಲಿ ಇಂದೋರ್‌ನ ಭಾಗೀರಥಪುರದಲ್ಲಿ ನಲ್ಲಿ ನೀರು ಕುಡಿದ ಹಲವರು ಪ್ರಾಣ ಕಳೆದುಕೊಂಡರು. ಸ್ವಚ್ಛತೆಯಲ್ಲಿ ವರ್ಷ ವರ್ಷವೂ ದೇಶಕ್ಕೇ ಮೊದಲೆನಿಸಿಕೊಂಡ ನಗರ ಅದು. ಕುಡಿಯುವ ನೀರಿನ ಕೊಳವೆ ಹಾದುಹೋಗುವ ಜಾಗದ ಮೇಲೆಯೇ ಶೌಚಾಲಯ ಕಟ್ಟಲಾಗಿತ್ತು, ಅಲ್ಲಿ ಸೋರಿಕೆ ಕಂಡುಬಂತು ಎಂದು ಅಧಿಕಾರಿಗಳು ಹೇಳಿದರು. ನಮ್ಮಲ್ಲಿಯೂ 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಜೀವಗಳನ್ನು ಬಲಿ ತೆಗೆದುಕೊಂಡಿತು.

ಬೆಂಗಳೂರಿನಲ್ಲಿ ಈ ಅಪಾಯಕ್ಕೆ ವಿಶೇಷ ಕಾರಣಗಳಿವೆ. ಇಲ್ಲಿನ ಸಾಧಾರಣ ಮನೆಯೊಂದಕ್ಕೆ ಕಾವೇರಿ, ಕೊಳವೆಬಾವಿ ಮತ್ತು ಟ್ಯಾಂಕರ್ ಹೀಗೆ ಮೂರು ಬಗೆಯ ನೀರು ಬರುತ್ತದೆ. ಅಪಾರ್ಟ್‌ಮೆಂಟಾದರೆ ಸಂಸ್ಕರಿಸಿದ ನೀರು ನಾಲ್ಕನೆಯದು. ಕಾವೇರಿ ನೀರು ಸಂಪಿನ ಮೇಲಿನಿಂದ, ನಡುವೆ ಗಾಳಿಯ ಅಂತರ ಇರುವಂತೆ ಬೀಳಬೇಕು. ಸಂಪು ತುಂಬಿ ಕೊಳವೆಯ ಬಾಯಿ ಮುಳುಗಿದರೆ, ಬೀದಿಯ ಕೊಳವೆಯಲ್ಲಿ ಒತ್ತಡ ಇಳಿದ ಕ್ಷಣ ಸಂಪಿನ ನೀರು ಹಿಂದಕ್ಕೆ ಹರಿಯುತ್ತದೆ. ದಿನವಿಡೀ ನೀರು ಬಿಡುವ ಊರಿನಲ್ಲಿ ಇದು ಅಪರೂಪ. ದಿನ ಬಿಟ್ಟು ದಿನ, ಕೆಲವು ಗಂಟೆ ಮಾತ್ರ ನೀರು ಬಿಡುವ ಊರಿನಲ್ಲಿ ಕೊಳವೆ ಖಾಲಿಯಾಗುವುದು ನಿತ್ಯದ ಸಂಗತಿ. ಸಾಲದ್ದಕ್ಕೆ ಕೆಲವರು ಬೀದಿ ಕೊಳವೆಗೇ ಮೋಟಾರು ಜೋಡಿಸಿ ನೀರನ್ನು ಎಳೆಯುತ್ತಾರೆ. ಆ ಎಳೆತಕ್ಕೆ ಸಿಕ್ಕಿ, ಬಿರುಕುಗಳಿಂದ ಚರಂಡಿಯ ಕೊಳೆಯೂ ಒಳಬರುತ್ತದೆ. ಪಕ್ಕದ ಮನೆಯ ಮಗುವಿನ ಲೋಟಕ್ಕೆ ಅದೇ ನೀರು ಸೇರುತ್ತದೆ. ಹೀಗೆ ಎಳೆಯುವವರಿಗೆ ಐದು ಸಾವಿರ ರೂಪಾಯಿ ದಂಡ ಹಾಕುವುದಾಗಿ ಜಲಮಂಡಳಿ 2025ರ ಏಪ್ರಿಲ್‌ನಲ್ಲಿ ಎಚ್ಚರಿಸಿದ್ದೇನೋ ಸರಿ. ಆದರೆ ಅಂಥ ಜೋಡಣೆ ಆಗದಂತೆ ಮೊದಲೇ ನೋಡಿಕೊಳ್ಳುವ ಏರ್ಪಾಡು ಎಲ್ಲಿದೆ?

2024ರ ಅಕ್ಟೋಬರ್ 16ರಂದು ಲೋಕಾರ್ಪಣೆಯಾದ ಕಾವೇರಿ ಐದನೇ ಹಂತ ದಿನಕ್ಕೆ 775 ದಶಲಕ್ಷ ಲೀಟರ್ ನೀರು ತರುವ ಯೋಜನೆ. ನಗರಕ್ಕೆ ಸೇರಿದ 110 ಹಳ್ಳಿಗಳಲ್ಲಿ ಲಕ್ಷಾಂತರ ಮನೆಗಳಿಗೆ ಹೊಸ ಸಂಪರ್ಕ ಕೊಡುವುದು ಅದರ ಗುರಿ. ಕೊಳವೆಬಾವಿ, ಟ್ಯಾಂಕರುಗಳನ್ನೇ ನಂಬಿ ಬೆಳೆದ ಬಡಾವಣೆಗಳು ಅವು. ಅಲ್ಲಿನ ಒಳಕೊಳವೆಗಳನ್ನು ಪರೀಕ್ಷಿಸದೆ ಹೊಸ ಜಾಲಕ್ಕೆ ಜೋಡಿಸುತ್ತಾ ಹೋದರೆ, ನೂರು ಕಿಲೋಮೀಟರ್ ದೂರದಿಂದ ಶುದ್ಧೀಕರಿಸಿ ತಂದ ನೀರನ್ನು ಕೊನೆಯ ಹತ್ತು ಅಡಿಯಲ್ಲಿ ಕೆಡಿಸಿದಂತಾಗುತ್ತದೆ.

ಚರಂಡಿಯ ಕಡೆಯ ಕಥೆಯೂ ಭಿನ್ನವಲ್ಲ. ಮಾಳಿಗೆಯ ಮಳೆನೀರನ್ನು ಒಳಚರಂಡಿಗೆ ಬಿಡುವುದು ನಿಷಿದ್ಧ. ಆದರೂ ಎಷ್ಟೋ ಮನೆಗಳಲ್ಲಿ ಮಳೆಕೊಳವೆ ಸೇರುವುದು ಮನೆಮುಂದಿನ ಚೇಂಬರಿಗೇ. ಒಂದು ತಾಸು ಮಳೆ ಸುರಿದರೆ ತಗ್ಗಿನ ರಸ್ತೆಗಳಲ್ಲಿ ಮ್ಯಾನ್‌ಹೋಲ್ ಉಕ್ಕಲು ಇದೂ ಒಂದು ಕಾರಣ. ಇನ್ನು ಕೆಲವರು ಶೌಚದ ಕೊಳವೆಯನ್ನೇ ರಾಜಕಾಲುವೆಗೆ ತಿರುಗಿಸಿದ್ದಾರೆ. ಬೆಳ್ಳಂದೂರು ಕೆರೆ ನೊರೆ ಕಾರಿದ್ದನ್ನೂ 2017ರಲ್ಲಿ ಅದಕ್ಕೆ ಬೆಂಕಿ ಹೊತ್ತಿದ್ದನ್ನೂ ಲೋಕವೆಲ್ಲ ನೋಡಿ ಬೆರಗಾಯಿತು. ಹೋಟೆಲುಗಳ ಅಡುಗೆಮನೆಯಿಂದ ಜಿಡ್ಡನ್ನು ತಡೆಹಿಡಿಯದೆ ಬಿಟ್ಟರೆ ಕೊಳವೆ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡ ಕೊಳವೆಗೆ ಕೊನೆಗೆ ಮನುಷ್ಯನನ್ನೇ ಇಳಿಸುತ್ತಾರೆ. 2013ರ ಕಾಯ್ದೆ ಇದನ್ನು ನಿಷೇಧಿಸಿದೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ಪರಿಹಾರದ ಮೊತ್ತ ಏರಿತು, ಸಾವು ನಿಂತಿಲ್ಲ. ಮೇಲೆ ಅಳವಡಿಸಬೇಕಾದ ಒಂದು ಜಿಡ್ಡುತೊಟ್ಟಿಗೂ ಕೆಳಗೆ ಇಳಿದವನ ಉಸಿರಿಗೂ ಇರುವ ಸಂಬಂಧವನ್ನು ನಮ್ಮ ಪರವಾನಗಿ ವ್ಯವಸ್ಥೆ ಗುರುತಿಸುವುದೇ ಇಲ್ಲ.

ಈಗ ಪ್ಲಂಬರ್ ಕಡೆಗೆ ಬರೋಣ. ಕಾನೂನಿನ ಲೆಕ್ಕದಲ್ಲಿ ಜವಾಬ್ದಾರಿ ಪರವಾನಗಿದಾರನದು. ವಾಸ್ತವದಲ್ಲಿ ಪರವಾನಗಿದಾರನ ಕೆಲಸ ಅರ್ಜಿಗೆ ಸಹಿ ಹಾಕಿ, ಕಚೇರಿಗೆ ಓಡಾಡಿ, ಕಡತವನ್ನು ಮುಂದಕ್ಕೆ ತಳ್ಳುವುದು. ಗೋಡೆ ಕೊರೆದು ಕೊಳವೆ ಕೂರಿಸುವವನು ಬೇರೆ. ಅವನು ಮೇಸ್ತ್ರಿಯ ಕಡೆಯವನಿರಬಹುದು, ದೂರದ ಒಡಿಶಾದಿಂದ ಬಂದವನಿರಬಹುದು. ಆ ರಾಜ್ಯದ ಕೇಂದ್ರಪಾಡಾ ಜಿಲ್ಲೆ ದೇಶಕ್ಕೆಲ್ಲ ಪ್ಲಂಬರುಗಳನ್ನು ಕಳಿಸಿಕೊಡುವ ನಾಡೆಂದೇ ಹೆಸರಾಗಿದೆ. ಅಲ್ಲಿನ ಪಟ್ಟಾಮುಂಡೈಯಲ್ಲಿ ಸರ್ಕಾರವೇ ಪ್ಲಂಬಿಂಗ್ ಕಲಿಸುವ ಸಂಸ್ಥೆಯನ್ನು ನಡೆಸುತ್ತಿದೆ. ಕೈಚಳಕಕ್ಕೆ ಅವರಲ್ಲಿ ಕೊರತೆಯಿಲ್ಲ. ಆದರೆ ಕೆಲಸ ಕೆಟ್ಟರೆ ಕೇಳಲು ಅವರ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ. ಕೆಲಸ ಚೆನ್ನಾಗಿದ್ದರೂ ಅದರ ಮನ್ನಣೆ ಅವರಿಗೆ ಸಲ್ಲುವುದಿಲ್ಲ.

ವಿದ್ಯುತ್ತಿನ ವಿಷಯದಲ್ಲಿ ನಾವು ಇಷ್ಟು ಉದಾಸೀನರಲ್ಲ. ಪರವಾನಗಿ ಪಡೆದ ಗುತ್ತಿಗೆದಾರ ವೈರಿಂಗ್ ಪೂರ್ಣಗೊಂಡ ವರದಿಗೆ ಸಹಿ ಹಾಕದೆ ಮನೆಗೆ ವಿದ್ಯುತ್ ಬರುವುದಿಲ್ಲ. ದೊಡ್ಡ ಕಟ್ಟಡಗಳಿಗೆ ವಿದ್ಯುತ್ ಪರಿವೀಕ್ಷಣಾಲಯದ ತಪಾಸಣೆಯೂ ಉಂಟು. ಅಲ್ಲಿ ಲೋಪಗಳಿಲ್ಲವೆಂದಲ್ಲ. ಆದರೆ ತಪ್ಪಾದ ವೈರಿಂಗ್ ಜೀವ ತೆಗೆಯುತ್ತದೆ ಎಂಬ ಅರಿವು ನಿಯಮದಲ್ಲಿದೆ. ತಪ್ಪಾದ ಕೊಳವೆಯೂ ಜೀವ ತೆಗೆಯುತ್ತದೆ. ನಿಧಾನವಾಗಿ, ಹೆಸರಿಲ್ಲದ ಜ್ವರವಾಗಿ, ಭೇದಿಯಾಗಿ ತೆಗೆಯುತ್ತದೆ. ಆದ್ದರಿಂದಲೇ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಬೇರೆ ಕಡೆ ಇದನ್ನು ಹೇಗೆ ನಿಭಾಯಿಸಿದ್ದಾರೆ? ಅಮೆರಿಕದ ಬಹುತೇಕ ನಗರಗಳಲ್ಲಿ ಕೊಳವೆ ಜೋಡಿಸಿದ ಮೇಲೆ, ಗೋಡೆ ಮುಚ್ಚುವ ಮುನ್ನ ಒಮ್ಮೆ, ಎಲ್ಲ ಮುಗಿದ ಮೇಲೆ ಇನ್ನೊಮ್ಮೆ ತಪಾಸಣೆ ನಡೆಯುತ್ತದೆ. ಮೊದಲ ತಪಾಸಣೆ ಆಗದೆ ಗೋಡೆ ಮುಚ್ಚಿದರೆ ಒಡೆಸಿ ನೋಡುವ ಅಧಿಕಾರವೂ ಇದೆ. ಸಿಂಗಪುರದಲ್ಲಿ ನೀರಿನ ಕೊಳವೆ ಕೆಲಸವನ್ನು ಪರವಾನಗಿ ಇರುವ ಪ್ಲಂಬರ್‌ಗಳೇ ಮಾಡಬೇಕು. ನಲ್ಲಿ ಬದಲಿಸುವಂಥ ಸಣ್ಣ ರಿಪೇರಿಗೆ ಮಾತ್ರ ಈ ಕಟ್ಟಳೆ ಅನ್ವಯಿಸುವುದಿಲ್ಲ. ನಾವು ಕಲಿಯಬೇಕಾದದ್ದು ಈ ವಿವೇಕವನ್ನು. ಯಾವುದಕ್ಕೆ ಅನುಮತಿ ಬೇಡ ಎಂದು ಸ್ಪಷ್ಟವಾಗಿ ಹೇಳಿದಾಗ ಮಾತ್ರ, ಯಾವುದಕ್ಕೆ ಬೇಕು ಎಂಬುದಕ್ಕೆ ತೂಕ ಬರುತ್ತದೆ.

ನಮ್ಮಲ್ಲಿ ಆ ಸ್ಪಷ್ಟತೆಯೇ ಇಲ್ಲ. ಮನೆಯ ಹಳೆಯ ಸ್ನಾನಗೃಹವನ್ನು ಇನ್ನೊಂದು ಕೋಣೆಗೆ ಬದಲಾಯಿಸಲು ಅನುಮತಿ ಬೇಕೆ ಎಂದು ನಾನು ಒಂದು ಕಚೇರಿಯಲ್ಲಿ ವಿಚಾರಿಸಿದ್ದೆ. ಮೊದಲ ಮೇಜಿನವರು ಬೇಡವೇ ಬೇಡ ಎಂದರು. ಎರಡನೆಯವರು ನಕ್ಷೆಯನ್ನೇ ಹೊಸದಾಗಿ ಮಂಜೂರು ಮಾಡಿಸಬೇಕು ಎಂದರು. ಮೂರನೆಯವರು, 'ಅದನ್ನೆಲ್ಲ ಯಾಕೆ ಸರ್ ಕೇಳಲಿಕ್ಕೆ ಹೋಗ್ತೀರಿ, ಮಾಡಿಸಿಬಿಡಿ' ಎಂದು ಹಿತವಚನ ಹೇಳಿದರು. ಲಿಖಿತ ನಿಯಮ ತೋರಿಸಿ ಎಂದಾಗ ಮೂವರಲ್ಲೂ ಉತ್ತರವಿರಲಿಲ್ಲ. ನಿಯಮ ಗೊತ್ತಿಲ್ಲದ ಕಡೆ ಮಧ್ಯವರ್ತಿಗೆ ಬೆಲೆ. ಪ್ರಾಮಾಣಿಕನಾಗಿರಲು ಬಯಸುವ ನಾಗರಿಕನಿಗೆ ನಾವು ಕೊಡುತ್ತಿರುವ ಮರ್ಯಾದೆ ಇಷ್ಟು.

ಇಲ್ಲಿ ಒಂದು ಗಂಭೀರ ಆಕ್ಷೇಪ ಏಳುತ್ತದೆ. ಇನ್ನೊಂದು ತಪಾಸಣೆ ಎಂದರೆ ಇನ್ನೊಂದು ಲಂಚದ ಬಾಗಿಲು ತೆರೆದಂತಲ್ಲವೇ? ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬೆಂಗಳೂರಿನಲ್ಲಿ ಮನೆ ಕಟ್ಟಿದ ಯಾರನ್ನು ಕೇಳಿದರೂ ಈ ಭಯದ ಹಿಂದಿನ ಅನುಭವ ತಿಳಿಯುತ್ತದೆ. ಆದರೆ ಈಗಿರುವ ವ್ಯವಸ್ಥೆಯಲ್ಲಿ ಲಂಚವೂ ಇದೆ, ಸುರಕ್ಷತೆಯೂ ಇಲ್ಲ. ನನ್ನ ಅಭಿಪ್ರಾಯದಲ್ಲಿ ಅನುಮತಿಗಳ ಸಂಖ್ಯೆ ಹೆಚ್ಚಬೇಕಿಲ್ಲ, ಅವುಗಳ ಗುರಿ ಬದಲಾಗಬೇಕು.

ಕೊಳಾಯಿ ಕೆಲಸಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ನಲ್ಲಿ, ಬೇಸಿನ್, ಕಮೋಡ್ ಇದ್ದಲ್ಲೇ ಬದಲಿಸುವುದಕ್ಕೆ, ಸೋರಿಕೆ ನಿಲ್ಲಿಸುವುದಕ್ಕೆ ಯಾವ ಅನುಮತಿಯೂ ಬೇಡವೆಂದು ಘೋಷಿಸಲಿ. ಸ್ನಾನಗೃಹ ಬದಲಾಯಿಸುವುದು, ಹೊಸ ಸಾಲು ಎಳೆಯುವಂಥ ಕೆಲಸಗಳಿಗೆ ಪ್ಲಂಬರ್ ತನ್ನ ಪರವಾನಗಿ ಸಂಖ್ಯೆಯೊಂದಿಗೆ ಮಾಹಿತಿ ಕೊಟ್ಟರೆ ಸಾಕು, ಅಪ್ಪಣೆಗಾಗಿ ಕಾಯಬೇಕಿಲ್ಲ. ಹೊಸ ಕಟ್ಟಡ, ಹೊಸ ಅಂತಸ್ತು, ಮನೆಯನ್ನು ಹೋಟೆಲ್ ಅಥವಾ ಪಿಜಿಯಾಗಿ ಮಾರ್ಪಡಿಸುವುದು ಇವಕ್ಕೆ ಮಾತ್ರ ಗೋಡೆ ಮುಚ್ಚುವ ಮುನ್ನ ಒತ್ತಡ ಪರೀಕ್ಷೆ ಕಡ್ಡಾಯವಾಗಲಿ. ಕೊಳವೆಗಳ ಛಾಯಾಚಿತ್ರ ಮತ್ತು ಪ್ಲಂಬರನ ಸಹಿಯ ಪ್ರಮಾಣಪತ್ರ ಕಡತ ಸೇರಲಿ. ನಿಗದಿತ ದಿನಗಳೊಳಗೆ ಅಧಿಕಾರಿ ಬಾರದಿದ್ದರೆ ಒಪ್ಪಿಗೆ ಸಿಕ್ಕಿತೆಂದೇ ಪರಿಗಣಿಸಿ, ಆಯ್ದ ಕೆಲವನ್ನು ಆಮೇಲೆ ಬೇರೊಬ್ಬ ಅಧಿಕಾರಿ ಪರಿಶೀಲಿಸಲಿ. ತಪ್ಪು ಕಂಡರೆ ಪರವಾನಗಿ ರದ್ದಾಗಲಿ. ಆಗ ಸಹಿಗೊಂದು ಬೆಲೆ ಬರುತ್ತದೆ.

ಜೊತೆಗೆ ಪರವಾನಗಿದಾರರ ಪಟ್ಟಿ, ಶುಲ್ಕದ ವಿವರ, ಬೇಕಾದ ದಾಖಲೆಗಳು ಕನ್ನಡದಲ್ಲಿ ಪ್ರತಿ ಉಪವಿಭಾಗದ ಕಚೇರಿಯ ಗೋಡೆಯ ಮೇಲಿರಬೇಕು. ವರ್ಷಗಟ್ಟಲೆ ಕೆಲಸ ಮಾಡಿ ಕಲಿತವರಿಗೆ, ಅವರು ರಾಯಚೂರಿನವರಿರಲಿ ಕೇಂದ್ರಪಾಡಾದವರಿರಲಿ, ಕೈಕೆಲಸದ ಪರೀಕ್ಷೆ ನಡೆಸಿ ಪರವಾನಗಿ ಕೊಡುವ ದಾರಿ ತೆರೆಯಬೇಕು. ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರಿನಂಥ ನಗರಗಳಿಗೂ ಇದು ಅನ್ವಯಿಸುತ್ತದೆ. ಬೆಂಗಳೂರಿನ ಅವ್ಯವಸ್ಥೆಯನ್ನು ನೋಡಿ ಅವು ಮೊದಲೇ ಎಚ್ಚೆತ್ತುಕೊಳ್ಳಬಹುದು.

ಕೊನೆಯದಾಗಿ ಸಣ್ಣ ನಿವೇಶನಗಳ ವಿನಾಯಿತಿಯ ಬಗ್ಗೆ ಒಂದು ಮಾತು. ಅದನ್ನು ನಾನು ವಿರೋಧಿಸುವುದಿಲ್ಲ. ಜೀವನವಿಡೀ ಉಳಿಸಿದ ಹಣದಲ್ಲಿ ಮೂವತ್ತು-ನಲವತ್ತರ ಜಾಗದಲ್ಲಿ ಸೂರು ಮಾಡಿಕೊಂಡವರಿಗೆ, ಎರಡಡಿ ಜಾಗ ಬಿಡಲಿಲ್ಲವೆಂಬ ಕಾರಣಕ್ಕೆ ನೀರು ನಿರಾಕರಿಸುವುದು ನ್ಯಾಯವಲ್ಲ. ನೀರು ಬದುಕುವ ಹಕ್ಕಿನ ಭಾಗವೆಂದು ನಮ್ಮ ನ್ಯಾಯಾಲಯಗಳೇ ಹೇಳಿವೆ. ಆದರೆ ಪತ್ರದಿಂದ ವಿನಾಯಿತಿ ಕೊಟ್ಟ ಸರ್ಕಾರ, ಕೊಳವೆಯ ಪರೀಕ್ಷೆಯಿಂದಲೂ ವಿನಾಯಿತಿ ಸಿಕ್ಕಂತೆ ನಡೆದುಕೊಳ್ಳಬಾರದು. ಮಂಜೂರಾದ ನಕ್ಷೆಗಿಂತ ಬಾಲ್ಕನಿ ಒಂದಡಿ ಮುಂದೆ ಬಂದರೆ ಯಾರಿಗೂ ವಾಂತಿಭೇದಿ ಆಗುವುದಿಲ್ಲ. ಸಂಪಿನ ಪಕ್ಕದಲ್ಲೇ ಶೌಚದ ಚೇಂಬರ್ ಇದ್ದರೆ ಆಗುತ್ತದೆ. ಯಾವುದನ್ನು ಮನ್ನಿಸಬಹುದು, ಯಾವುದನ್ನು ಮನ್ನಿಸಬಾರದು ಎಂಬ ಈ ವಿವೇಚನೆಯನ್ನು ಜಲಮಂಡಳಿ ಮತ್ತು ಐದು ಪಾಲಿಕೆಗಳು ಒಟ್ಟಿಗೆ ಕುಳಿತು ನಿಯಮವಾಗಿ ಬರೆಯಬೇಕು. ಹೊಸ ಪಾಲಿಕೆಗಳು ತಮ್ಮ ಕಾರ್ಯವಿಧಾನವನ್ನು ರೂಪಿಸಿಕೊಳ್ಳುತ್ತಿರುವ ಕಾಲ ಇದು. ಇಂದೋರ್‌ನಂಥ ಸುದ್ದಿ ನಮ್ಮ ಬಡಾವಣೆಯಿಂದ ಬಂದ ಮೇಲೆ ಸಮಿತಿ ರಚಿಸುವುದಕ್ಕಿಂತ, ಗಾರೆ ಮೆತ್ತುವ ಮುನ್ನ ಒಂದು ಗಂಟೆ ಕೊಳವೆಗಳನ್ನು ಪರೀಕ್ಷಿಸುವುದು ಸುಲಭ, ಅಗ್ಗ ಕೂಡ.